ಪಿಸ್ತೂಲಿಗೆ ಪಂಕ್ತಿ ಪಾಠ

ಪೊಲೀಸ್ ನೌಕರಿಯಾಗ ನಗಿಗೆ ಬರ ಐತಿ ಅನ್ನೋರು ನನ್ನ ಜೋಡಿ ಒಂದು ವಾರ ಇದ್ದು ನೋಡ್ರಿ. ನಾನು ಬಳ್ಳಾರಿಯಾಗ ಮಹಿಳಾ ಪೇದೆ. ಜಿಲ್ಲಾ ಪಿಸ್ತೂಲು ತಂಡಕ್ಕ ಸೇರಬೇಕು ಅನ್ನೋದೊಂದೇ ನನ್ನ ಹುಚ್ಚು. ಗುರಿ ಚಲೋನ ಐತಿ. ಒಂದು ಗುರಿಯಿಂದ ಇನ್ನೊಂದಕ್ಕ ಹೋಗೋದು ಮಾತ್ರ ಭಾಳ ತಡ.

ಎರಡನೇ ಕಳ್ಳ

ಕುರುಗೋಡಿನ ಕಲ್ಲುಗುಡ್ಡದ ಬುಡಕ್ಕ ನಮ್ಮ ಅಭ್ಯಾಸ. ರಟ್ಟಿನ ಕಳ್ಳರು ಸಾಲಾಗಿ ನಿಂತಿರ್ತಾರ. ಮೊದಲನೆಯವನಿಗೆ ಎರಡು ಗುಂಡು ಹೊಡೀತೀನಿ. ಸದ್ದು ಗುಡ್ಡಕ್ಕ ಬಡಿದು ತಿರುಗಿ ಬರ್ತೈತಿ, ಅದನ್ನ ಕೇಳ್ಕೋತ ನಿಂತುಬಿಡ್ತೀನಿ. ಬೆಳಗಿನ ಬಿಸಲಿಗೆ ಕಲ್ಲೆಲ್ಲ ಬೆಲ್ಲದ ಬಣ್ಣ. ಮ್ಯಾಲೆ ಒಂದು ಹದ್ದು ರೆಕ್ಕಿ ಅಲುಗಿಸದೇ ತೇಲ್ತಿರ್ತೈತಿ, ನಾನೂ ಅದರ ಜೋಡಿ ತೇಲ್ತೀನಿ.

ಗುರಿ ಕಲಿಸೋ ಹಿರಿಯ ಹವಾಲ್ದಾರರಿಗೆ ನಾವೆಲ್ಲ ಉಸ್ತಾದ್ ಅಂತೀವಿ. ಅವರು ಬೈಯೋದಿಲ್ಲ, ಮೆಲ್ಲಕ ಹೇಳ್ತಾರ. "ತಂಗಿ, ಕಣ್ಣು ಮೊದಲು ಹೋಗಬೇಕು, ಪಿಸ್ತೂಲು ಅದರ ಹಿಂದ. ನೀನು ಎರಡನೇ ಕಳ್ಳನ ಹತ್ರ ಬರೋದ್ರಾಗ ಅವ ಬಳ್ಳಾರಿಗೆ ಹೋಗಿ, ಒಗ್ಗರಣಿ ಮಿರ್ಚಿ ತಿಂದು ಬಂದು ನಿಂತಾನ."

ಬಸ್ಸಿನ ಅಜ್ಜಿ

ಕಣ್ಣಿಗೆ ರೂಢಿ ಆಗಬೇಕಲ್ಲ. ಚಿಕ್ಕಪ್ಪನ ಮಗಳ ಮದುವಿಗೆ ಸಿರುಗುಪ್ಪದ ಬಸ್ ಹತ್ತಿದ್ದೆ. ಕಿಟಕಿ ಹೊರಗ ಹಸರು ಭತ್ತದ ಗದ್ದಿ ಕನಸಿನಂಗ ಸರೀತಿತ್ತು. ಒಳಗ ನಾನು ಒಬ್ಬ ಗಂಡಸಿನ ಮುಖದಿಂದ ಇನ್ನೊಬ್ಬನ ಮುಖಕ್ಕ ಟಕ್ ಟಕ್ ಅಂತ ಕಣ್ಣು ಹಾರಿಸ್ಕೋತ ಕುಂತೆ. ಬಾಜು ಇದ್ದ ಅಜ್ಜಿ ಭಾಳ ಹೊತ್ತು ನನ್ನನ್ನೇ ನೋಡಿದಳು. ಆಮ್ಯಾಲೆ ಕಿವಿಯಾಗ ಅಂದಳು, "ಯವ್ವಾ, ವರ ಹುಡುಕಾಕ ಹತ್ತಿದ್ರ ಹುಡುಕು. ಆ ಕೆಂಪು ಅಂಗಿಯವನ್ನ ಬಿಡು, ಅವ ನನ್ನ ಅಳಿಯ."

ಎರಡೆರಡು ಹೋಳಿಗಿ

ಮದುವಿ ಮನ್ಯಾಗ ದೊಡ್ಡವ್ವ ನನ್ನ ಕೈಗೆ ಹೋಳಿಗಿ ತಾಟು ಕೊಟ್ಟಳು. ಅಲ್ಲೂ ನಾನು ಒಂದೊಂದು ಎಲಿ ಮುಂದ ನಿಂತು ನಿಂತು ಹೊಂಟಿದ್ದೆ. ಹಿಂದಿಂದ ತಿವಿದಳು. ಈ ಎಲಿಗೆ ಹೋಳಿಗಿ ಬೀಳೋದ್ರಾಗ ಕಣ್ಣು ಮುಂದಿನ ಎಲಿ ಮ್ಯಾಲೆ ಇರಬೇಕು, ಎಲ್ಲಾರಿಗೂ ಎರಡೆರಡು ಹಾಕು, ಯಾರನ್ನೂ ಬಿಡಬ್ಯಾಡ ಅಂದಳು. ಅದೇನಾತೋ, ಉಸ್ತಾದರು ಹೇಳಿ ಹೇಳಿ ಸಾಕಾಗಿದ್ದು ಅವತ್ತು ಕೈಗೆ ಹತ್ತಿತು. ಗಾಳಿಯಾಗ ತೇಲಿದಂಗ ಪಂಕ್ತಿ ಮುಗಿಸಿದೆ. ಖುಷಿಗೆ ಕಣ್ಣಾಗ ನೀರು ಬಂತು. ದೊಡ್ಡವ್ವ ನೋಡಿ, ನೌಕರಿ ಬಿಟ್ಟು ಅಡಗಿ ಕಂಟ್ರಾಕ್ಟ್ ಹಿಡಿ ಅಂದಳು.

ಆಯ್ಕೆ

ಮುಂದಿನ ವಾರ ತಂಡದ ಆಯ್ಕೆ. ಈ ಸಲ ಕಳ್ಳರ ನಡುವ ಕೂಸು ಎತ್ತಿಕೊಂಡ ಹೆಣ್ಮಗಳ ರಟ್ಟೂ ನಿಲ್ಲಿಸಿದ್ರು. ಅಕಿಗೆ ಹೊಡದ್ರ ತಂಡ ಇಲ್ಲ ಅಂತ ಮೊದಲ ಹೇಳಿದ್ರು, ನಾನೂ ಹೂಂ ಅಂದಿದ್ದೆ.

ಸೀಟಿ ಊದಿದ್ರು. ಕಣ್ಣು ಮುಂದ, ಪಿಸ್ತೂಲು ಹಿಂದ, ಎಲ್ಲಾ ಕನಸಿನಾಗ ಆದಂಗ ಸಾಲಿನ ಕಡೀಕ ಮುಟ್ಟಿದೆ. ಅಷ್ಟು ಜಲ್ದಿ ಅಲ್ಲಿ ಯಾರೂ ಮುಗಿಸಿದ್ದಿಲ್ಲ. ರಟ್ಟು ನೋಡಾಕ ಹೋದ ಉಸ್ತಾದರು ಹೆಣ್ಮಗಳ ಮುಂದ ನಿಂತುಬಿಟ್ರು. ಅಕಿಗೂ ಹೊಡದುಬಿಟ್ಟಿದ್ದೆ. ತಂಡ ಕೈತಪ್ಪಿತು ಅಂತ ಗೊತ್ತಾಗಿ ಅಳುನ ಬಂತು.

ಉಸ್ತಾದರು ಬೆರಳಿನಿಂದ ತೂತು ಮುಟ್ಟಿ ನೋಡಿದ್ರು. "ಹೊಡೀಬಾರದಾಗಿತ್ತು, ಹೊಡದಿ. ಅದು ಇರ್ಲಿ. ಕಳ್ಳರಿಗೆಲ್ಲ ಎರಡೆರಡು. ಇಕಿಗೆ ಯಾಕ ಮೂರು?"

ಕಣ್ಣು ಒರಸ್ಕೋತ ಅಂದೆ, "ಕೂಸಿನ ತಾಯಿ ಅದಾಳಲ್ರಿ. ಪಂಕ್ತಿಯಾಗ ಒಂದು ಹೆಚ್ಚಿಗಿ ಹಾಕೋದು ನಮ್ಮ ಮನಿ ಪದ್ಧತಿ ರೀ."