ಹದಿನೇಳೆಂಟ್ಲೆ ಎಷ್ಟು

ಐವತ್ತರ ಅಂಚಿಗೆ ಬಂದ ಗಂಡಸು ಹೊಟ್ಟೆ ಬೆಳೆಸಿದರೆ ಯಾರೂ ಕಾರಣ ಕೇಳುವುದಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಬಂದರೆ 'ನಮಗೂ ಐತ್ರಿ' ಎಂದು ಪಕ್ಕದಲ್ಲಿ ಕುಳಿತು ಧೈರ್ಯ ಹೇಳುತ್ತಾರೆ. ಆದರೆ ಅವನು ಪಠ್ಯಪುಸ್ತಕ ಹಿಡಿದರೆ ಮಾತ್ರ ಮನೆಯವರಿಗೆ, ಆಫೀಸಿನವರಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆ, ಎಲ್ಲರಿಗೂ ವಿವರಣೆ ಬೇಕು. ಆನ್‌ಲೈನಿನಲ್ಲಿ ಎಂಬಿಎ ಓದಲು ಸೇರಿದ್ದೇನೆಂದು ಹೇಳಿದಾಗ ನನಗೆ ಸಿಕ್ಕ ನೋಟಗಳನ್ನು ನೆನೆದರೆ, ಎರಡನೆಯ ಮದುವೆಯ ಸುದ್ದಿ ಹೇಳಿದ್ದರೂ ಜನ ಇಷ್ಟು ಗಾಬರಿಯಾಗುತ್ತಿರಲಿಲ್ಲ ಅನಿಸುತ್ತದೆ. ಆಗ ನಾನು ಯಾರಿಗೂ ವಿವರಣೆ ಕೊಡಲಿಲ್ಲ. ಈಗ ಕೊಡುತ್ತಿರುವುದು ಕೂಡ ವಿವರಣೆಯಲ್ಲ, ತಕರಾರು.

ಹೈದರಾಬಾದಿನ ಅಬಿಡ್ಸ್‌ನಲ್ಲಿ ಔಷಧಿ ಅಂಗಡಿಗಳಿಗೆ ಸಗಟು ಮಾಲು ಕಳಿಸುವ ಒಂದು ಕಂಪನಿ. ಅದರ ಲೆಕ್ಕದ ವಿಭಾಗದಲ್ಲಿ ನಾನು ಕೂದಲು ಕಪ್ಪಗಿದ್ದಾಗಿನಿಂದ ಇದ್ದೇನೆ. ನಾನು ಕೆಲಸ ಕಲಿಸಿದವರು ಒಬ್ಬೊಬ್ಬರಾಗಿ ನನ್ನ ಮೇಲಿನ ಕುರ್ಚಿಗೆ ಹೋಗಿ, ಅಲ್ಲಿಂದ ನನಗೇ ಕೆಲಸ ಹೇಳತೊಡಗಿದರು. ಅವರಲ್ಲಿದ್ದು ನನ್ನಲ್ಲಿಲ್ಲದ್ದು ಹೆಸರಿನ ಮುಂದಿನ ಮೂರು ಅಕ್ಷರ. ಆಗಿನ ಮ್ಯಾನೇಜರು ನಿವೃತ್ತರಾಗುವ ಹೊತ್ತಿಗೆ ನನ್ನ ಕೈಯಲ್ಲಿ ಡಿಗ್ರಿ ಇದ್ದರೆ ಆ ಕುರ್ಚಿ ನನ್ನದು, ಇಲ್ಲದಿದ್ದರೆ ಹೊರಗಿನಿಂದ ಇನ್ನೊಬ್ಬ ಹುಡುಗ ಬರುತ್ತಾನೆ. ಕಂಪನಿಯ ಯಜಮಾನರಾದ ರಾವ್ ಗಾರು ತೆಲುಗಿನಲ್ಲಿ ಪ್ರೀತಿಯಿಂದಲೇ ಅಂದರು: "ಇಪ್ಪುಡು ಚದುವೆಂದುಕಂಡಿ ಬಿರಾದಾರ್ ಗಾರೂ, ಪ್ರಶಾಂತಂಗಾ ಉಂಡಂಡಿ." ಈಗ ಓದೇಕೆ, ಶಾಂತವಾಗಿರಿ, ಎಂದು. ಆ 'ಶಾಂತ' ಎಂಬ ಮಾತು ನನಗೆ ತಾಗಿತು. ನಮ್ಮ ಕಡೆ ತೀರಿಕೊಂಡವರ ಆತ್ಮಕ್ಕೆ ಹಾಗೆ ಹಾರೈಸುತ್ತಾರೆ. ಅದೇ ಸಂಜೆ ಅರ್ಜಿ ತುಂಬಿದೆ. ಅಥವಾ ಅದಕ್ಕೆ ಒಂದು ವಾರ ಮೊದಲೇ ತುಂಬಿದ್ದೆನೋ ಏನೋ. ಅವಮಾನವಾದ ಸಂಜೆಯೇ ತುಂಬಿದೆನೆಂದರೆ ಕೇಳುವವರು ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ, ಅದಕ್ಕೇ ಹಾಗೆ ಹೇಳುವ ಅಭ್ಯಾಸವಾಗಿದೆ.

ಇಲ್ಲಿ ಮಗ್ಗಿಯ ವಿಷಯ ಹೇಳಲೇಬೇಕು. ಆಫೀಸಿನಲ್ಲಿ ನಾನು ತೆಲುಗು ಆಡುತ್ತೇನೆ, ಆಟೋದವರ ಜೊತೆ ಹಿಂದಿ, ಪರೀಕ್ಷೆಗೆ ಇಂಗ್ಲಿಷು. ಆದರೆ ಲೆಕ್ಕ ಮಾಡುವುದು ಕನ್ನಡದಲ್ಲಿ ಮಾತ್ರ, ಅದೂ ಬಾಯಿ ಬಿಟ್ಟು. ಹುಮನಾಬಾದ್ ಕಡೆಯ ನಮ್ಮೂರಿನಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮಗ್ಗಿ ಒದರಬೇಕಿತ್ತು. ಯಾರಾದರೂ ತಪ್ಪಿದರೆ ಕೇಳಿಸಿಕೊಂಡವರು ತಿದ್ದಬೇಕು. ಅದು ಊರಿನ ರೂಢಿ. ಎಮ್ಮೆ ಹೊಡೆದುಕೊಂಡು ಹೋಗುವವನೂ ನಿಂತು ಸರಿ ಹೇಳಿಯೇ ಮುಂದೆ ಹೋಗುತ್ತಿದ್ದ. ತಪ್ಪು ಮಗ್ಗಿ ಕೇಳಿಯೂ ಸುಮ್ಮನೆ ಹೋಗುವುದೆಂದರೆ ಬಾವಿಗೆ ಬಿದ್ದವನನ್ನು ಬಗ್ಗಿ ನೋಡಿ ಹೋದ ಹಾಗೆ. 'ಬಾಯಾಗ ಇದ್ದದ್ದು ಕಳುವಾಗಾಂಗಿಲ್ಲ' ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಹೇಳುತ್ತಿದ್ದರೋ, ನನ್ನ ಬಾಯಿಬಡಕತನದ ಸಮರ್ಥನೆಗೆ ನಾನೇ ಅವರ ಬಾಯಲ್ಲಿ ಇಟ್ಟೆನೋ, ಖಾತ್ರಿಯಿಲ್ಲ. ಖಾತ್ರಿಯಿರುವುದು ಒಂದೇ: ನನ್ನ ಹೆಂಡತಿ ಸರೋಜಾ ಭಾಲ್ಕಿಯ ಕನ್ನಡ ಶಾಲೆಯ ಮಾಸ್ತರರ ಮಗಳು, ಮತ್ತು ಆ ರೂಢಿಯನ್ನು ಅವಳು ತವರಿನ ಬೆಳ್ಳಿ ಸಾಮಾನಿನ ಜೊತೆಗೇ ತಂದಿದ್ದಾಳೆ.

ಕೊನೆಯ ಪರೀಕ್ಷೆ ಹಣಕಾಸು ನಿರ್ವಹಣೆಯದು. ಮನೆಯಲ್ಲೇ, ಲ್ಯಾಪ್‌ಟಾಪಿನ ಮುಂದೆ. ಅದರ ಕ್ಯಾಮೆರಾ ನಮ್ಮನ್ನು ಕಾಯುತ್ತದೆ. ಸಿಕಂದರಾಬಾದಿನ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯನ್ನು ಮಗಳು ಪಲ್ಲವಿ ಬೆಳಿಗ್ಗೆಯೇ ವಶಕ್ಕೆ ತೆಗೆದುಕೊಂಡಳು. ಕಾಲೇಜಿಗೆ ಹೋಗುವ ಹುಡುಗಿ, ನನ್ನ ಪಾಲಿಗೆ ಪರೀಕ್ಷಾ ವಿಭಾಗವೇ ಆಗಿದ್ದಳು.

"ಪಪ್ಪಾ, ಖೋಲಿಯಾಗ ನೀವೊಬ್ಬರೇ ಇರಬೇಕು. ಬ್ಯಾರೆ ಮಾರಿ ಕಾಣಬಾರದು, ಬ್ಯಾರೆ ದನಿ ಕೇಳಬಾರದು. ಅತ್ತಾಗ ಇತ್ತಾಗ ನೋಡಬ್ಯಾಡ್ರಿ."

"ಸೀನು ಬಂದರ?"

"ಕ್ಯಾಮೆರಾ ಕಡೆ ಮಾರಿ ಮಾಡಿ ಸೀನ್ರಿ."

ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿದಾಗ ಅದು ಗೋಡೆಯ ಮೇಲಿದ್ದ ನಮ್ಮಜ್ಜನ ಫೋಟೊ ನೋಡಿ, ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿಯಿದ್ದಾನೆಂದು ಆಕ್ಷೇಪಿಸಿತು. ಬದುಕಿದ್ದಾಗ ಹೆಬ್ಬೆಟ್ಟೊತ್ತುತ್ತಿದ್ದ ಅಜ್ಜನನ್ನು, ಮೊಮ್ಮಗನಿಗೆ ಎಂಬಿಎ ಹೇಳಿಕೊಡುವ ಸಂಶಯದ ಮೇಲೆ, ಹಾರದ ಸಮೇತ ಗೋಡೆಗೆ ಮುಖ ಮಾಡಿಸಿದೆವು.

"ಮಮ್ಮಿ, ನೀ ಅಡಗಿಮನ್ಯಾಗ ಪಿಟ್ ಅನ್ನಬಾರದು ನೋಡು," ಎಂದು ಪಲ್ಲವಿ ಹೊರಗೆ ಹೇಳಿದ್ದು ಕೇಳಿಸಿತು.

"ನಾ ಯಾಕ ಅನ್ನಲಿ? ನನಗೇನು ಹುಚ್ಚು ಹಿಡದೈತೇನು, ನಿಮ್ಮಪ್ಪಗ ಹಿಡದಂಗ?"

ಮೊದಲ ಅರ್ಧ ನಾನು ಮೌನಿ ಸ್ವಾಮಿಗಳಂತೆ ಬರೆದೆ. ಆಮೇಲೆ ಲೆಕ್ಕ ಬಂತು. ಪರದೆಯ ಮೂಲೆಯಲ್ಲಿ ಅವರೇ ಒಂದು ಕ್ಯಾಲ್ಕ್ಯುಲೇಟರ್ ಇಟ್ಟಿದ್ದರು. ನಾನು ಅದರ ಕಡೆ ನೋಡಲಿಲ್ಲ. ಇಷ್ಟು ವರ್ಷ ಬಾಯಿಲೆಕ್ಕದಲ್ಲಿ ಕಂಪನಿ ನಡೆಸಿದವನು ಈಗ ಒಂದು ಮೂಲೆಗೆ ಶರಣಾಗುವುದೇ? ಹದಿನೇಳನ್ನು ಎಂಟರಿಂದ ಗುಣಿಸಬೇಕಿತ್ತು. ಬಾಯಿ ತಾನಾಗಿ ತೆರೆಯಿತು, ಕಟ್ಟೆಯ ಮೇಲಿನ ಅದೇ ರಾಗದಲ್ಲಿ: "ಹದಿನೇಳಾರ್ಲೆ ನೂರಾ ಎರಡು, ಹದಿನೇಳೇಳ್ಲೆ ನೂರಾ ಹತ್ತೊಂಬತ್ತು, ಹದಿನೇಳೆಂಟ್ಲೆ ನೂರಾ ಇಪ್ಪತ್ತಾರು."

ಮುಚ್ಚಿದ ಬಾಗಿಲು, ಕುಕ್ಕರಿನ ಸೀಟಿ, ಎರಡನ್ನೂ ದಾಟಿಕೊಂಡು ಅಡುಗೆಮನೆಯಿಂದ ಉತ್ತರ ಬಂತು: "ನೂರಾ ಮೂವತ್ತಾರು."

ನಾಲ್ಕು ದಿನ ಬಿಟ್ಟು ವಿಶ್ವವಿದ್ಯಾಲಯದಿಂದ ಮೇಲ್ ಬಂತು. ನನ್ನ ಕೋಣೆಯಲ್ಲಿ ಹೆಣ್ಣು ದನಿಯೊಂದು ಯಾವುದೋ ಭಾಷೆಯಲ್ಲಿ ಉತ್ತರ ಹೇಳಿಕೊಟ್ಟಿದೆ. ತಪ್ಪೊಪ್ಪಿಕೊಂಡು ಕ್ಷಮಾಪಣೆ ಬರೆದರೆ ಈ ಪತ್ರಿಕೆಯನ್ನಷ್ಟೇ ರದ್ದು ಮಾಡಿ ಮುಂದಿನ ವರ್ಷ ಮತ್ತೆ ಕೂರಲು ಬಿಡುತ್ತೇವೆ. ಒಪ್ಪದಿದ್ದರೆ ವಿಚಾರಣೆ, ಅಲ್ಲಿ ತಪ್ಪು ಸಾಬೀತಾದರೆ ಇಡೀ ಕೋರ್ಸೇ ರದ್ದು. ಮುಂದಿನ ವರ್ಷದ ಹೊತ್ತಿಗೆ ಕುರ್ಚಿಯಲ್ಲಿ ಇನ್ನೊಬ್ಬ ಹುಡುಗ ಕುಳಿತು ನನಗೆ ಕೆಲಸ ಹೇಳುತ್ತಿರುತ್ತಾನೆ.

"ಬರದ್ ಕೊಟ್ಟುಬಿಡ್ರಿ," ಎಂದಳು ಸರೋಜಾ. ತಾನು ಬಾಯಿ ಹಾಕಿದ್ದಕ್ಕೆ ಅವಳ ಮುಖ ಸಣ್ಣದಾಗಿತ್ತು. "ನನ್ನ ಸಲುವಾಗಿ ಎಲ್ಲಾ ಹೋಗೋದು ಬ್ಯಾಡ."

"ಯಾಕ ಬರೀಲಿ? ನಾ ಕೇಳಿದ್ನೇನು ನಿನ್ನ? ನನ್ನ ಬಾಯಿ, ನನ್ನ ಮಗ್ಗಿ."

"ಬಾಯಿ ನಿಮ್ಮದೇ. ಮಗ್ಗಿ ತಪ್ಪಿತ್ತು."

ನಾನು ಬರೆಯಲಿಲ್ಲ. ವಿಚಾರಣೆಗೆ ಸಿದ್ಧ, ಸಾಕ್ಷಿಯಾಗಿ ಆ ದನಿಯನ್ನೇ ಕರೆತರುತ್ತೇನೆ ಎಂದು ಉತ್ತರಿಸಿದೆ. ಅದನ್ನು ಕಳಿಸಿದ ಮೇಲೆ ವಾಪಸ್ ಪಡೆಯುವ ಬಟನ್ ಹುಡುಕುತ್ತಿದ್ದೆನೆಂದು ಪಲ್ಲವಿ ಹೇಳುತ್ತಾಳೆ. ಅವಳಿಗೆ ಕಣ್ಣಿನ ಪವರ್ ಹೆಚ್ಚಾಗಿದೆ.

ವಿಚಾರಣೆಯೂ ಪರದೆಯ ಮೇಲೆಯೇ. ಅತ್ತ ಕಡೆ ಒಬ್ಬ ಮೇಡಂ, ಪಕ್ಕದ ಎರಡು ಚೌಕಗಳಲ್ಲಿ ಇಬ್ಬರು ಗಂಡಸರು. ಮೇಡಂ ಧ್ವನಿಮುದ್ರಣ ಹಾಕಿದರು. ನನ್ನ ರಾಗ ಕೇಳಿ ಚೌಕದ ಗಂಡಸರಲ್ಲೊಬ್ಬರು, ಇದು ಮಂತ್ರವೇ, ಎಂದು ಕೇಳಿದರು. ಆಮೇಲೆ ಸರೋಜಾಳ ದನಿ. ಇದು ಯಾರು, ಏನು ಹೇಳುತ್ತಿದ್ದಾರೆ, ಎಂದು ಮೇಡಂ ಹಿಂದಿಯಲ್ಲಿ ಕೇಳಿದರು. ಇಲ್ಲಿ ನನಗೊಂದು ಆಸೆ ಬಂತು. ಅವರಿಗೆ ಕನ್ನಡ ಬರುವುದಿಲ್ಲ. ಹಾಲಿನವನ ಜೊತೆ ಮಾತಾಡುತ್ತಿದ್ದಳೆಂದರೆ ಮುಗಿಯಿತು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿ ಕುಳಿತಿದ್ದ ಸರೋಜಾ ಸೆರಗು ಸರಿಮಾಡಿಕೊಂಡು ತನ್ನ ಹೈದರಾಬಾದಿ ಹಿಂದಿಯಲ್ಲಿ ಹೇಳಿಬಿಟ್ಟಳು: "ಮೈಚ್ ಬೋಲೀ ಮೇಡಂ. ಇನೋ ಗಲತ್ ಬೋಲೇ." ನಾನೇ ಹೇಳಿದ್ದು, ಇವರು ತಪ್ಪು ಹೇಳಿದ್ದರು, ಎಂದು. ಸಾಲದ್ದಕ್ಕೆ, ತಪ್ಪು ಮಗ್ಗಿ ಕೇಳಿ ಸುಮ್ಮನಿರುವ ಪದ್ಧತಿ ತಮ್ಮ ಮನೆತನದಲ್ಲಿ ಇಲ್ಲವೆಂದೂ ಸೇರಿಸಿದಳು.

ಹಾಗಾದರೆ ಸರಿಯುತ್ತರ ನಿಮಗೆ ಸಿಕ್ಕಿತಲ್ಲವೇ, ಎಂದು ಮೇಡಂ ನನ್ನತ್ತ ನೋಡಿದರು. ಎರಡು ವರ್ಷದ ಓದು, ಆ ಕುರ್ಚಿ, ರಾವ್ ಗಾರುವಿನ 'ಪ್ರಶಾಂತಂಗಾ', ಎಲ್ಲ ಆ ಪ್ರಶ್ನೆಯ ಹಿಂದೆ ಸಾಲಾಗಿ ನಿಂತವು. ನಾನು ಅಂದೆ: "ನನ್ನ ಉತ್ತರ ತೆಗೆದು ನೋಡಿ ಮೇಡಂ." ಇದನ್ನು ಬಹಳ ಗಟ್ಟಿಯಾಗಿ ಅಂದೆನೆಂದು ನನ್ನ ನೆನಪು. ಮೇಡಂ ಉತ್ತರಪತ್ರಿಕೆ ತೆರೆದು ಪರದೆಯ ಮೇಲೆ ಹಾಕಿದರು. ಎಲ್ಲರಿಗೂ ಕಾಣುವಂತೆ, ದಪ್ಪ ಅಂಕಿಯಲ್ಲಿ, ನೂರಾ ಇಪ್ಪತ್ತಾರು.

ಮೇಡಂ ಆ ಸಂಖ್ಯೆಯನ್ನು ನೋಡಿದರು, ಸರೋಜಾಳನ್ನು ನೋಡಿದರು, ಕೊನೆಗೆ ನನ್ನನ್ನು. ಚೌಕದ ಗಂಡಸರಿಬ್ಬರೂ ತಲೆ ತಗ್ಗಿಸಿದರು, ಅವರೂ ಸಂಸಾರಸ್ಥರಿರಬೇಕು. ನಕಲು ನಡೆದಿಲ್ಲವೆಂದು ಸ್ಪಷ್ಟವಾಗಿದೆ ಎಂದರು ಮೇಡಂ. ಆ ಪ್ರಶ್ನೆಯ ಅಂಕ ಹೋಯಿತು, ಪತ್ರಿಕೆ ಉಳಿಯಿತು. ಪರದೆ ಆರಿತು. ಕೋಣೆಯಲ್ಲಿ ಎರಡನೆಯ ವಿಚಾರಣೆ ಶುರುವಾಯಿತು.

"ನಾ ಸರಿ ಹೇಳಿದ ಮ್ಯಾಲೂ ನೀವು ತಪ್ಪೇ ಬರದ್ರಿ?"

ನನಗೆ ಕೇಳಿಸಿರಲೇ ಇಲ್ಲ ಎಂದು ಹೇಳಬಹುದಿತ್ತು. ಅವಳ ಉತ್ತರ ಕೇಳಿಸಿತ್ತು, ಆದರೆ ಅದನ್ನು ಬರೆದರೆ ನಕಲಾಗುತ್ತದೆಂದು ಬೇಕೆಂದೇ ತಪ್ಪನ್ನು ಉಳಿಸಿಕೊಂಡೆ ಎಂದು ಆಫೀಸಿನಲ್ಲಿ ಹೇಳಿದ್ದೇನೆ. ರಾವ್ ಗಾರುವಿನ ಕಣ್ಣು ಒದ್ದೆಯಾಯಿತು. ಈ ಕಥೆ ಕೇಳಲು ಎಷ್ಟು ಚೆನ್ನಾಗಿದೆಯೆಂದರೆ ನಾನೇ ಅದನ್ನು ನಂಬುವುದಿಲ್ಲ. ನಿಜ ಇಷ್ಟೇ ಇರಬೇಕು: ಕೇಳಿಸಿತು, ಅವಳದು ತಪ್ಪು ಎಂದುಕೊಂಡೆ. ಸರೋಜಾಗೆ ಏನು ಉತ್ತರ ಕೊಟ್ಟೆನೆಂಬುದು ಮಾತ್ರ ನೆನಪಿಲ್ಲ. ಅಂದು ಸಂಜೆ ಅಜ್ಜನ ಫೋಟೊವನ್ನು ಮತ್ತೆ ಈ ಕಡೆ ತಿರುಗಿಸಿದಾಗ ಅವರೂ ಸ್ವಲ್ಪ ನಗುತ್ತಿದ್ದಂತಿತ್ತು.

ಡಿಗ್ರಿ ಬಂತು, ಕುರ್ಚಿ ಸಿಕ್ಕಿತು. ಪ್ರಶಾಂತವಾಗಿರುವುದಂತೂ ನನ್ನಿಂದಾಗದು. ಮೀಟಿಂಗಿನಲ್ಲಿ ಹುಡುಗರು ಫೋನಿನ ಮೇಲೆ ಬೆರಳಾಡಿಸುವಾಗ ನಾನು ಈಗಲೂ ಬಾಯಿ ಬಿಟ್ಟು ಕನ್ನಡದಲ್ಲಿ ಗುಣಿಸುತ್ತೇನೆ, ಮೊದಲಿಗಿಂತ ಜೋರಾಗಿ. ಮೊನ್ನೆ ಯಾವುದೋ ಮಾತ್ರೆಯ ಪೆಟ್ಟಿಗೆಗಳ ಲೆಕ್ಕದಲ್ಲಿ ಮತ್ತೆ ಅದೇ ಬಂತು. ಹದಿನೇಳೇಳ್ಲೆ ನೂರಾ ಹತ್ತೊಂಬತ್ತು, ಹದಿನೇಳೆಂಟ್ಲೆ ಎಂದವನು ನಿಂತೆ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಎರಡು ಸಂಖ್ಯೆಗಳೂ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತವೆ. ಎಲ್ಲರೂ ಹೊಸ ಮ್ಯಾನೇಜರರ ಬಾಯಿ ನೋಡುತ್ತಿದ್ದರು. ಎದುರಿಗೇ ಕ್ಯಾಲ್ಕ್ಯುಲೇಟರ್ ಇತ್ತು. ನಾನು ಅದರ ಕಡೆ ನೋಡಲಿಲ್ಲ. ಅರ್ಜೆಂಟ್ ಫೋನೆಂದು ಹೇಳಿ ವರಾಂಡಕ್ಕೆ ಬಂದು ಮನೆಗೆ ಫೋನ್ ಹಚ್ಚಿ ಅದೇ ಮಗ್ಗಿ ಕೇಳಿದೆ.

"ಹೇಳ್ತೀನ್ರಿ," ಎಂದಳು ಸರೋಜಾ, ಹಿಂದೆ ಕುಕ್ಕರಿನ ಸೀಟಿ. "ಹೇಳಿದ್ರ ಈ ಸಲರ ಬರಕೊಂತೀರೇನು?"