ಮೇಷ್ಟ್ರ ಎಡಗೆನ್ನೆ

ವಿಜ್ಞಾನದ ಮೇಷ್ಟ್ರ ಶೇವಿಂಗ್ ಬ್ರಷ್ಷು ಬಚ್ಚಲುಮನೆಯ ಕನ್ನಡಿಯ ಕೆಳಗಿನ ಹಲಗೆಯಿಂದ ಮೊದಲು ಮೂಲೆಗೆ, ಅಲ್ಲಿಂದ ಕಿಟಕಿ ಕಟ್ಟೆಗೆ, ಕಿಟಕಿ ಕಟ್ಟೆಯಿಂದ ವಾಷಿಂಗ್ ಮೆಷೀನಿನ ತಲೆ ಮೇಲಕ್ಕೆ ವರ್ಗವಾಗಿ, ಕೊನೆಗೊಂದು ದಿನ ಮೆಷೀನಿನ ಹಿಂದೆ ಬಿದ್ದು ಕಣ್ಮರೆಯಾಯಿತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಸ್ವತಃ ಮೇಷ್ಟ್ರಿಗೇ ಇಷ್ಟು ವರ್ಗಾವಣೆ ಆಗಿರಲಿಲ್ಲ.

ಆ ಹಲಗೆಯನ್ನು ಈಗ ಅವರ ಹೆಂಡತಿಯ ಬಾಟಲಿಗಳು ಪೂರ್ತಿಯಾಗಿ ಆಕ್ರಮಿಸಿಕೊಂಡಿದ್ದವು. ಹಚ್ಚಿಕೊಳ್ಳುವುದಕ್ಕೆ ಮುಂಚೆ ಹಚ್ಚಿಕೊಳ್ಳುವುದು, ಹಚ್ಚಿಕೊಂಡ ಮೇಲೆ ಹಚ್ಚಿಕೊಳ್ಳುವುದು, ಹಚ್ಚಿಕೊಂಡದ್ದು ಹೋಗದ ಹಾಗೆ ಅದರ ಮೇಲೆ ಹಚ್ಚಿಕೊಳ್ಳುವುದು. ಬೆಳಗಿನ ಸೀರಂ ಬೇರೆ, ಸಂಜೆಯ ಸೀರಂ ಬೇರೆ. ಇಷ್ಟರ ಮೇಲೆ ಡಬ್ಬಿಯಲ್ಲಿ ಬೆಣ್ಣೆಯಂಥ ಮಾಯಿಶ್ಚರೈಸರ್. (ಈ ಹೆಸರು ಮೇಷ್ಟ್ರ ತಾಯಿಯ ಬಾಯಲ್ಲಿ ‘ಮಾಯಾಚೌರ’ ಆಗಿತ್ತು. ಅದನ್ನು ಹಚ್ಚಿಕೊಂಡರೆ ಗಡ್ಡ ತಾನಾಗಿಯೇ ಉದುರುತ್ತದೆ ಎಂದು ಅವರು ಬಹಳ ದಿನ ನಂಬಿದ್ದರು.) ಇಷ್ಟನ್ನೂ ಕ್ರಮವಾಗಿ ಮುಗಿಸಲು ಆಕೆಗೆ ಬೆಳಿಗ್ಗೆ ಇಪ್ಪತ್ತು ನಿಮಿಷ ಬೇಕು. ಮನೆಗೆ ಇರುವುದು ಒಂದೇ ಬಚ್ಚಲು. ಮೇಷ್ಟ್ರ ಬಸ್ಸು ಏಳೂ ಮುಕ್ಕಾಲಿಗೆ.

“ಬೇಗ ಬಾರೇ!” ಎಂದು ಮೇಷ್ಟ್ರು ಆ ದಿನವೂ ಬಾಗಿಲು ಬಡಿದರು.

“ರೀ, ಬಾಗಿಲು ಮುರೀಬೇಡಿ. ಸೀರಂ ಇಳೀತಿದೆ.”

“ಎಲ್ಲಿಂದ ಎಲ್ಲಿಗೆ ಇಳೀತಿದೆ?”

“ಚರ್ಮದ ಒಳಕ್ಕೆ. ಎರಡು ನಿಮಿಷ ಸುಮ್ಮನೆ ಬಿಡಬೇಕು.”

“ಚರ್ಮ ಇರೋದೇ ಯಾವುದೂ ಒಳಕ್ಕೆ ಇಳೀಬಾರದು ಅಂತ ಕಣೇ! ಎಂಟನೇ ಕ್ಲಾಸಿನ ಪಾಠ ಅದು.”

“ಹಾಗಾದ್ರೆ ಎಂಟನೇ ಕ್ಲಾಸಿಗೇ ಹೋಗಿ ಹೇಳಿ. ಬಸ್ ತಪ್ಪತ್ತೆ.”

ಬಸ್ಸು ತಪ್ಪಿತು. ಸಂಜೆ ಊಟದ ಮೇಜಿನ ಮುಂದೆ ಮೇಷ್ಟ್ರು ಈ ವಿಷಯವನ್ನು ತಾಯಿಯ ಸಮ್ಮುಖದಲ್ಲೇ ಎತ್ತಿದರು. ಬಾಟಲಿಯಲ್ಲಿ ಇರುವುದು ಮುಕ್ಕಾಲು ಪಾಲು ನೀರು, ಉಳಿದದ್ದು ಪರಿಮಳ, ಬಾಟಲಿಗಿಂತ ದೊಡ್ಡ ಡಬ್ಬ ಮಾಡುವುದು ಗಿರಾಕಿಯ ಕಣ್ಣಿಗೆ ಮಣ್ಣೆರಚಲು ಎಂದು ಒಂದು ಪೀರಿಯಡ್ಡಿನಷ್ಟು ಹೊತ್ತು ಪಾಠ ಮಾಡಿದರು. ಅವರ ಹೆಂಡತಿ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲುಸೆಟ್ ತಯಾರಿಸುವ ಕೆಲಸದವಳು. ದಿನವಿಡೀ ಬೇರೆಯವರ ವಸಡಿನ ಅಚ್ಚು ಹಿಡಿದು ಕೂತು ಅಭ್ಯಾಸವಾಗಿದ್ದರಿಂದ, ಎಷ್ಟು ದೊಡ್ಡ ಬಾಯಿ ತೆರೆದರೂ ಆಕೆ ಹೆದರುತ್ತಿರಲಿಲ್ಲ.

“ಮೇಷ್ಟ್ರಲ್ವಾ ನೀವು? ಬಾಯಲ್ಲಿ ಯಾಕೆ ಹೇಳ್ತೀರಿ, ಪ್ರಯೋಗ ಮಾಡಿ ತೋರ್ಸಿ,” ಅಂದಳು. “ಸೀರಂದೇ ಹೊಸ ಬಾಟಲಿ ಒಂದು ಕೊಡ್ತೀನಿ. ಮೂವತ್ತು ದಿನ ಅರ್ಧ ಮುಖಕ್ಕೆ ಹಚ್ಚಿ, ಅರ್ಧ ಬಿಡಿ. ವ್ಯತ್ಯಾಸ ಕಾಣದೇ ಇದ್ರೆ ಹಲಗೆ ಮೇಲೆ ಒಂದು ಬಾಟಲೀನೂ ಇಡಲ್ಲ.”

“ಕಂಡ್ರೆ?”

“ಎರಡು ತಿಂಗಳು ರಾತ್ರಿ ಪಾತ್ರೆ ನೀವು ತೊಳೀಬೇಕು.”

ಮೇಷ್ಟ್ರು ತಕ್ಷಣ ಒಪ್ಪಿದರು. ಗೆದ್ದೇ ಗೆಲ್ಲುವ ಪಂದ್ಯಕ್ಕೆ ಯೋಚನೆ ಯಾಕೆ? ತಾಯಿಯನ್ನು ತೀರ್ಪುಗಾರರನ್ನಾಗಿ ನೇಮಿಸಲಾಯಿತು. “ನನ್ನ ಕಣ್ಣು ಇನ್ನೂ ಚೆನ್ನಾಗಿದೆ,” ಎಂದು ಅವರು ಆಗಲೇ ಕನ್ನಡಕ ಒರೆಸತೊಡಗಿದರು.

ಮರುದಿನ ಹೆಂಡತಿ ಲ್ಯಾಬಿನಿಂದ ಹಲ್ಲಿನ ಬಣ್ಣ ನೋಡುವ ಪಟ್ಟಿ ತಂದಳು. ಒಂದು ಉದ್ದನೆಯ ಕಡ್ಡಿಗೆ ಹದಿನಾರು ಮಾದರಿ ಹಲ್ಲುಗಳು, ಒಂದಕ್ಕಿಂತ ಒಂದು ಮಾಸಲು. ಅದನ್ನು ಮೇಷ್ಟ್ರ ಎರಡೂ ಕೆನ್ನೆಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, “ಎರಡೂ ಕಡೆ ಒಂದೇ. ಕೊನೇ ಹಲ್ಲಿಗಿಂತ ಎರಡು ಪಟ್ಟು ಮಾಸಲು,” ಎಂದು ಬರೆದುಕೊಂಡಳು. ಮೇಷ್ಟ್ರು ತಮ್ಮ ಕಡೆಯಿಂದ ಒಂದು ನೋಟ್‌ಬುಕ್ ತೆರೆದು ಉದ್ದೇಶ, ಸಾಮಗ್ರಿ, ವಿಧಾನ ಎಂದು ಗೆರೆ ಎಳೆದು, ವಿಧಾನದ ಕೆಳಗೆ ‘ಎಡಗೆನ್ನೆ ಮಾತ್ರ’ ಎಂದು ಬರೆದರು.

ಮೊದಲ ವಾರದ ವೀಕ್ಷಣೆ: ಶೂನ್ಯ. ಎರಡನೇ ವಾರದ ವೀಕ್ಷಣೆ: ಸ್ವಲ್ಪ ಜಿಗುಟು. ಮೇಷ್ಟ್ರು ಪ್ರತಿದಿನ ಊಟಕ್ಕೆ ಕೂತಾಗ ಎಡಗೆನ್ನೆಯನ್ನು ಹೆಂಡತಿಯ ಕಡೆ ತಿರುಗಿಸಿ, “ಏನಾದ್ರೂ ಕಾಣ್ತಿದ್ಯಾ?” ಎಂದು ಕೇಳುವುದು, ಆಕೆ “ಮೊಂಡುತನ ಕಾಣ್ತಿದೆ, ಅದು ಎರಡೂ ಕಡೆ ಇದೆ” ಅನ್ನುವುದು ವಾಡಿಕೆಯಾಯಿತು.

ಹದಿನೈದನೇ ದಿನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಾಗ, ಎಡಗಡೆಯ ಕುರ್ಚಿಯಲ್ಲಿದ್ದ ಗಣಿತದ ಮೇಡಂ ತಲೆಯೆತ್ತಿ, “ಏನ್ ಸಾರ್, ಇತ್ತೀಚೆಗೆ ಮುಖದಲ್ಲಿ ಒಂಥರಾ ಕಳೆ ಬಂದಿದೆಯಲ್ಲ?” ಅಂದರು.

ಗಣಿತದ ಮೇಡಂ ಲೆಕ್ಕ ತಪ್ಪುವವರಲ್ಲ. ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟು ಪ್ರಯೋಗಾಲಯಕ್ಕೆ ಹೋದರು. ಬಾಗಿಲು ಹಾಕಿ, ಬೆಳಕಿನ ಪಾಠಕ್ಕೆಂದು ಇಟ್ಟಿದ್ದ ನಿಮ್ನ ದರ್ಪಣದಲ್ಲಿ ಮುಖ ನೋಡಿಕೊಂಡರು. (ಅದರಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಮೂಗು ಸಹ. ಅದನ್ನು ಅವರು ಬದಿಗಿಟ್ಟರು.) ಎಡಗೆನ್ನೆ ಹೊಳೆಯುತ್ತಿತ್ತು! ಬಲಗೆನ್ನೆ ಯಾರೋ ದೂರದ ಸಂಬಂಧಿಯದು ಅನ್ನುವ ಹಾಗಿತ್ತು.

ಅಂದಿನಿಂದ ಮೇಷ್ಟ್ರು ಜನರಿಗೆ ಎಡಗಡೆಯಿಂದಲೇ ಮುಖ ಕೊಡತೊಡಗಿದರು. ಬಸ್ಸಿನಲ್ಲಿ ಬಲಗೆನ್ನೆ ಕಿಟಕಿಯ ಕಡೆ ಬರುವಂಥ ಸೀಟು ಹುಡುಕಿದರು. ಸ್ಟಾಫ್ ರೂಮಿನಲ್ಲಿ ಕುರ್ಚಿ ಬದಲಾಯಿಸಿದರು. ತರಗತಿಯಲ್ಲಿ ಬೋರ್ಡಿನ ಒಂದು ತುದಿಗೆ ಒತ್ತರಿಸಿ ನಿಂತು, ಇಡೀ ಜೀರ್ಣಾಂಗವ್ಯೂಹವನ್ನು ಒಂದೇ ಮಗ್ಗುಲಲ್ಲಿ ಪಾಠ ಮಾಡಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಕುತ್ತಿಗೆ ಉಳುಕಿದ್ಯಾ?” ಎಂದು ಕಳಕಳಿಯಿಂದ ಕೇಳಿದಳು.

ಸಂತೋಷದ ಹಿಂದೆಯೇ ಹೆದರಿಕೆಯೂ ಬಂತು. ವ್ಯತ್ಯಾಸ ಕಾಣುತ್ತಿದೆ ಅಂದರೆ ತಾವು ಸೋತಹಾಗೆ. ಎರಡು ತಿಂಗಳ ಪಾತ್ರೆ ಹೋಗಲಿ, ಮದುವೆಯಾದಾಗಿನಿಂದ ‘ನಾನು ಹೇಳಿರಲಿಲ್ವಾ’ ಎಂಬ ಮಾತನ್ನು ಈ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದವರು ಅವರೇ. ಅದನ್ನೀಗ ಆಕೆಯ ಬಾಯಿಂದ ಕೇಳಬೇಕು. ಎಡಗೆನ್ನೆಗೆ ಹಚ್ಚುವುದನ್ನು ನಿಲ್ಲಿಸೋಣ ಅಂದರೆ ಮನಸ್ಸು ಬರಲಿಲ್ಲ. ಹದಿನೇಳನೇ ದಿನ ಕನ್ನಡಿಯ ಮುಂದೆ ನಿಂತಾಗ ಉಪಾಯ ಹೊಳೆಯಿತು. ಬಲಗೆನ್ನೆಯನ್ನೂ ಎಡಗೆನ್ನೆಯ ಮಟ್ಟಕ್ಕೆ ಎತ್ತಿಬಿಟ್ಟರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ?

‘ವೀಕ್ಷಣೆಯನ್ನು ತಿದ್ದಬಾರದು’ ಎಂದು ವರ್ಷಕ್ಕೆ ನೂರು ಮಕ್ಕಳ ಪುಸ್ತಕದಲ್ಲಿ ಬರೆಯುವ ಕೈ ಬಾಟಲಿಯ ಮುಚ್ಚಳ ತಿರುಗಿಸಿತು. ಆಮೇಲೆ ಬಲಗೆನ್ನೆಗೆ ಮೂರು ಹನಿ ಹಚ್ಚಿತು. ಎಡಗೆನ್ನೆ ಮುಂದಿದ್ದುದರಿಂದ ಬಲಗೆನ್ನೆಗೆ ದಿನಕ್ಕೆ ಒಂದು ಹನಿ ಜಾಸ್ತಿ; ಓದಿನಲ್ಲಿ ಹಿಂದುಳಿದವರಿಗೆ ಸ್ಪೆಷಲ್ ಕ್ಲಾಸ್ ಇದ್ದಹಾಗೆ.

ಮೂವತ್ತನೇ ದಿನ ಮೇಷ್ಟ್ರನ್ನು ಹಾಲ್‌ನ ಕಿಟಕಿಯ ಬೆಳಕಿಗೆ ಕೂರಿಸಿದರು. ತಾಯಿ ಎಡಗಡೆ ನೋಡಿದರು, ಬಲಗಡೆ ನೋಡಿದರು, ಗಲ್ಲ ಹಿಡಿದು ಮೇಲೆತ್ತಿ ನೋಡಿದರು.

“ಎರಡೂ ಒಂದೇ ಥರ ಇದೆಯಮ್ಮ,” ಅಂದರು.

ಹೆಂಡತಿ ಹಲ್ಲಿನ ಪಟ್ಟಿ ಹಿಡಿದು ನೋಡಿದಳು. ಮೂರು ಸಲ ನೋಡಿದಳು. ಕೂದಲೆಳೆಯಷ್ಟು ಬಣ್ಣ ಹೆಚ್ಚುಕಡಿಮೆಯಾದರೂ ಹಲ್ಲು ವಾಪಸ್ ಕಳಿಸುವವಳು ಆಕೆ. “ಹೌದು. ವ್ಯತ್ಯಾಸ ಇಲ್ಲ,” ಅಂದಳು. ಜಗಳವಾಡಲಿಲ್ಲ. ಹಲಗೆಯ ಮೇಲಿದ್ದ ಬಾಟಲಿಗಳನ್ನೆಲ್ಲ ಒಂದು ಚಪ್ಪಲಿ ಡಬ್ಬಕ್ಕೆ ತುಂಬಿ, ಮರುದಿನ ಲ್ಯಾಬಿನಲ್ಲಿ ಪಕ್ಕದ ಮೇಜಿನವಳಿಗೆ ಕೊಟ್ಟು ಬಂದಳು.

“ನಾನು ಹೇಳಿರಲಿಲ್ವಾ?” ಅಂದರು ಮೇಷ್ಟ್ರು. ಮಾತಿಗೆ ಯಾಕೋ ಹಿಂದಿನ ರುಚಿ ಇರಲಿಲ್ಲ.

“ಹೇಳಿದ್ರಿ. ಅದು ಕೆಲಸ ಮಾಡತ್ತೋ ಇಲ್ವೋ ನಾನೂ ಅಷ್ಟಾಗಿ ಯೋಚನೆ ಮಾಡಿರಲಿಲ್ಲ ರೀ,” ಅಂದಳು ಆಕೆ. “ದಿನವೆಲ್ಲ ಮುಖಕ್ಕೆ ಮಾಸ್ಕು, ಮೂಗಿಗೆ ಪ್ಲಾಸ್ಟರಿನ ಧೂಳು, ಕೈಯಲ್ಲಿ ಇನ್ನೊಬ್ಬರ ಹಲ್ಲು. ಆ ಇಪ್ಪತ್ತು ನಿಮಿಷ ನನ್ನ ಮುಖಾನ ನಾನು ನೋಡ್ಕೋತಿದ್ದೆ. ಹೋಗ್ಲಿ ಬಿಡಿ.”

ಹಲಗೆ ಬೋಳಾಯಿತು. ಆಕೆ ಐದು ನಿಮಿಷಕ್ಕೆ ಬಚ್ಚಲಿನಿಂದ ಆಚೆ ಬರತೊಡಗಿದಳು. ಮೇಷ್ಟ್ರಿಗೆ ಬಸ್ಸು ದಿನವೂ ಸಿಕ್ಕಿತು, ಸೀಟೂ ಸಿಕ್ಕಿತು. ಆದರೆ ಸೀಟಿನಲ್ಲಿ ಕೂತರೆ ಆ ‘ಹೋಗ್ಲಿ ಬಿಡಿ’ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಜೊತೆಗೆ, ಬರೀ ಸೋಪಿನಲ್ಲಿ ತೊಳೆದ ಮುಖ ಬಿಗಿದುಕೊಂಡು ನಗುವುದಕ್ಕೂ ಕಷ್ಟ. ಒಂದು ವಾರ ತಡೆದರು. ಎಂಟನೇ ದಿನ ಶಾಲೆ ಬಿಟ್ಟವರು ಎರಡು ಸ್ಟಾಪು ಮುಂಚೆಯೇ ಇಳಿದು ಸೌಂದರ್ಯ ಸಾಮಗ್ರಿಯ ಅಂಗಡಿಗೆ ನುಗ್ಗಿದರು.

“ಯಾರಿಗೆ ಸಾರ್?” ಎಂದಳು ಕೌಂಟರಿನ ಹುಡುಗಿ.

“ನಮ್ಮ ಮನೆಯವರಿಗೆ ಈ ಆರು,” ಎಂದು ನೆನಪಿನಿಂದಲೇ ಒಂದೂ ತಪ್ಪದೆ ಹೆಸರು ಹೇಳಿದ ಮೇಷ್ಟ್ರು, ದನಿ ತಗ್ಗಿಸಿ, “ಸೀರಂ ಇನ್ನೊಂದು ಕೊಡಮ್ಮ,” ಅಂದರು.

“ಅದು ಯಾರಿಗೆ ಸಾರ್?”

“ಎರಡೂ ಕೆನ್ನೆಗೆ,” ಅಂದರು ಮೇಷ್ಟ್ರು.

ಮನೆಗೆ ಬಂದು ಬಾಟಲಿಗಳನ್ನು ಹಲಗೆಯ ಮೇಲೆ ಮೊದಲಿದ್ದ ಕ್ರಮದಲ್ಲೇ ಜೋಡಿಸಿಟ್ಟು, ಹೆಂಡತಿಯನ್ನು ಕರೆದು, ಹದಿನಾಲ್ಕು ದಿನದ ಕಳ್ಳತನವನ್ನು ಒಂದೇ ಉಸಿರಿನಲ್ಲಿ ಒಪ್ಪಿಕೊಂಡರು. ಆಕೆ ಒಮ್ಮೆ ಬಾಟಲಿಗಳನ್ನು, ಒಮ್ಮೆ ಅವರ ಬಲಗೆನ್ನೆಯನ್ನು ನೋಡಿದಳು. ಆಮೇಲೆ ನಗತೊಡಗಿದಳು. ಬಚ್ಚಲಿನ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಬಲಗೆನ್ನೆಗೆ ಸ್ಪೆಷಲ್ ಕ್ಲಾಸಾ! ಇದನ್ನ ಬರೆದುಕೊಡಿ.”

ಮೇಷ್ಟ್ರು ಬರೆದುಕೊಟ್ಟರು. ‘ತೀರ್ಮಾನ: ಸೀರಂ ಕೆಲಸ ಮಾಡುತ್ತದೆ. ಪ್ರಯೋಗ ನಡೆಸಿದವರು ಮೋಸ ಮಾಡಿದ್ದಾರೆ.’ ಕೆಳಗೆ ಸಹಿ, ದಿನಾಂಕ. ಅದು ಫ್ರಿಜ್ಜಿನ ಬಾಗಿಲು ಅಲಂಕರಿಸಿತು. ಅದೇ ರಾತ್ರಿಯಿಂದ ಪಾತ್ರೆ ತೊಳೆಯುವ ಕೆಲಸ ಶುರುವಾಯಿತು.

ಆರನೇ ದಿನ ಮೇಷ್ಟ್ರು ತಳ ಹಿಡಿದ ಹಾಲಿನ ಪಾತ್ರೆಯೊಂದಿಗೆ ಸೆಣಸುತ್ತಿದ್ದಾಗ, ತಾಯಿ ಮೆಲ್ಲಗೆ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಸುತ್ತ ನೋಡಿದರು.

“ನಿನ್ನನ್ನ ನೋಡಿದ್ರೆ ಹೊಟ್ಟೆ ಚುರ್ ಅನ್ನತ್ತೆ ಕಣೋ. ಒಂದು ಮಾತು ಹೇಳ್ತೀನಿ, ಕೂಗಾಡಬೇಡ. ನಿನ್ನ ಬಾಟಲೀಲಿ ಸೀರಂ ಇರಲೇ ಇಲ್ಲ.”

“ಏನು?”

“ನಾಲ್ಕನೇ ದಿನಾನೇ ನಾನು ಅದನ್ನ ನನ್ನ ಕೆಮ್ಮಿನ ಔಷಧಿ ಸೀಸೆಗೆ ಬಗ್ಗಿಸ್ಕೊಂಡೆ. ಹಿಮ್ಮಡಿ ಒಡೆದು ನಡೆಯೋಕೇ ಆಗ್ತಿರಲಿಲ್ಲ ಕಣೋ. ಮುಖಕ್ಕೆ ಒಳ್ಳೇದು ಕಾಲಿಗೆ ಕೆಟ್ಟದ್ದಾಗತ್ತಾ ಅಂದ್ಕೊಂಡೆ. ನಿನ್ನ ಬಾಟಲಿಗೆ ಗ್ಲಿಸರಿನ್ನು, ಕಾಯಿಸಿ ಆರಿಸಿದ ನೀರು ಬೆರೆಸಿ ತುಂಬಿಸಿಟ್ಟೆ.”

ಮೇಷ್ಟ್ರ ಕೈಯಿಂದ ಪಾತ್ರೆ ಜಾರಿತು. ಇಪ್ಪತ್ತೇಳು ದಿನ ಅವರು ಹಚ್ಚಿದ್ದು ಗ್ಲಿಸರಿನ್ ನೀರು! ನಿಮ್ನ ದರ್ಪಣದಲ್ಲಿ ಕಂಡ ಹೊಳಪು ಗ್ಲಿಸರಿನ್ನಿನದು, ಉಳಿದದ್ದು ಗಣಿತದ ಮೇಡಮ್ಮಿನ ಮಾತಿನದು. ಅಂದರೆ ಸೀರಂ ಗೆದ್ದೇ ಇಲ್ಲ. ಅಂದರೆ ತಾವು ಸೋತೇ ಇಲ್ಲ! ನೊರೆ ಹತ್ತಿದ ಕೈಯಲ್ಲೇ ಹಾಲ್‌ಗೆ ಓಡಿದರು.

“ಲೇ, ಆ ಕಾಗದ ಹರಿದುಹಾಕು! ನಾನು ಹಚ್ಚಿದ್ದು ಬರೀ ಗ್ಲಿಸರಿನ್ನು! ಅಮ್ಮ ಬದಲಾಯಿಸಿದ್ರಂತೆ!”

ಹೆಂಡತಿ ಓದುತ್ತಿದ್ದ ಪೇಪರ್ ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಆರು ದಿನದ ಪಾತ್ರೆಗೇ ಇಷ್ಟು ಸುಸ್ತಾಗಿಬಿಟ್ರಾ? ವಯಸ್ಸಾದವರನ್ನ ಯಾಕ್ರೀ ಎಳೀತೀರಿ ಇದಕ್ಕೆ?”

“ಅಮ್ಮಾ, ಹೇಳಮ್ಮ!”

ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು, ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರು.

“ಗ್ಲಿಸರಿನ್ನಾ?” ಅಂದರು. “ಯಾವ ಗ್ಲಿಸರಿನ್ನೋ?”

“ಇನ್ನೊಂದು ವಾರ ಜಾಸ್ತಿ,” ಎಂದು ತೀರ್ಪು ಕೊಟ್ಟ ಹೆಂಡತಿ ಮತ್ತೆ ಪೇಪರ್ ಎತ್ತಿಕೊಂಡಳು.

ತಾಯಿ ನಿಧಾನವಾಗಿ ತಮ್ಮ ಕೋಣೆಯ ಕಡೆ ತಿರುಗಿದರು. ಬರಿಗಾಲು. ಹಾಲ್‌ನ ಬೆಳಕಿನಲ್ಲಿ ಮೇಷ್ಟ್ರ ಕಣ್ಣು ಆ ಹಿಮ್ಮಡಿಗಳ ಮೇಲೆ ಬಿತ್ತು. ಎಪ್ಪತ್ತಾರು ವರ್ಷ ನಡೆದ ಹಿಮ್ಮಡಿಗಳು. ಒಂದು ಗೀರಿಲ್ಲ, ಒಂದು ಬಿರುಕಿಲ್ಲ, ಎಳೆ ಮಗುವಿನ ಹಿಮ್ಮಡಿಯ ಹಾಗೆ ನುಣ್ಣಗೆ ಮಿರಿಮಿರಿ ಮಿಂಚುತ್ತಿದ್ದವು. ಸೀರಂ ಕೆಲಸ ಮಾಡುತ್ತದೆ. ಪುರಾವೆ ಎರಡು ಹೆಜ್ಜೆ ಮುಂದೆ ನಡೆದುಕೊಂಡು ಹೋಗುತ್ತಿದೆ.

ಹೆಂಡತಿಗೂ ಅದು ಕಂಡಿತು. “ಅತ್ತೆ, ನಿಮ್ಮ ಹಿಮ್ಮಡಿ ಎಷ್ಟು ಚೆನ್ನಾಗಿ ಆಗಿಬಿಟ್ಟಿದೆ! ಏನು ಮಾಡಿದ್ರಿ?”

“ಏನಿಲ್ಲಮ್ಮ,” ಅಂದರು ತಾಯಿ, ತಿರುಗಿ ನೋಡದೆ. “ಮಗ ಪಾತ್ರೆ ತೊಳೀತಾನಲ್ಲ, ನನಗೆ ಅಡುಗೆಮನೇಲಿ ನಿಲ್ಲೋ ಕೆಲಸ ತಪ್ಪಿದೆ.”