ಅತ್ತೆಯ ಜಾಡಿಗೆ ಕಿವಿಯಿತ್ತು

ಹೊಳೆನರಸೀಪುರದ ನಮ್ಮ ಸೋದರತ್ತೆ ಗಂಡನಿಗೆ ಹೆದರಿದವಳಲ್ಲ, ಅಮಲ್ದಾರರಿಗೂ ಹೆದರಿದವಳಲ್ಲ. ಅವಳು ಹೆದರುತ್ತಿದ್ದುದು ಉಪ್ಪುನೀರಿನ ಜಾಡಿಗಳಿಗೆ! ಅವುಗಳ ಎದುರು ಯಾರೂ ದನಿಯೇರಿಸುವಂತಿಲ್ಲ. ಏರಿಸಿದರೆ ಒಳಗಿನ ಮಾವಿನ ಮಿಡಿ, ನೆಲ್ಲಿಕಾಯಿ ಎಲ್ಲವೂ ನೊಂದುಕೊಂಡು ಕೆಟ್ಟುಹೋಗುತ್ತವಂತೆ.

ಆ ಬೇಸಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಅವಳ ಮನೆ ಸೇರಿದ್ದೆ. ಸೇರಿದ್ದೆ ಏನು ಬಂತು, ಸಾಗಹಾಕಲ್ಪಟ್ಟಿದ್ದೆ! ನಾನು ಹಾಸನದ ಕಾಲೇಜಿಗೆ ಪಟ್ಟು ಹಿಡಿದಿದ್ದೆ. ಅಪ್ಪ ಅರಕಲಗೂಡಿನ ಒಬ್ಬ ಗಂಡಿಗೆ. ನಮ್ಮಿಬ್ಬರ ಕೂಗಾಟ ಶುರುವಾದರೆ ಚನ್ನರಾಯಪಟ್ಟಣದ ನಮ್ಮ ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದವು.

ಚರ್ಚಾಸ್ಪರ್ಧೆಗಳಲ್ಲಿ ನಾಲಿಗೆ ಮಸೆದವಳು ನಾನು. ಬಿಟ್ಟೇನೆಯೆ?

"ಜಾಡಿಗೆ ಕಿವಿ ಎಲ್ಲಿದೆ ಅತ್ತೆ, ತೋರಿಸು."

"ಮೊದ್ಲು ನಿನ್ ಕಿವಿ ಮಡಗಿ ನೋಡು."

ಇಟ್ಟೆ. ಒಳಗೆ ಸುಯ್ ಎಂದಿತು. ಆಮೇಲೆ ಬುಳುಕ್!

"ಉಸಿರಾಡ್ತಾ ಅದೆ ಕಣಮ್ಮಿ. ಉಸಿರಾಡೋದಕ್ಕೆ ಕಿವಿ ಇರಾಕಿಲ್ವಾ?"

ಅತ್ತೆಯ ತರ್ಕದಲ್ಲಿ ಲೋಪವಿತ್ತು, ನಿಜ. ಆದರೆ ಆ ಬುಳುಕ್‌ಗೆ ಮತ್ತೊಮ್ಮೆ ಕಿವಿಗೊಟ್ಟೆ. ಬರೀ ಉಪ್ಪು, ನೀರು, ಕಾಯಿ ಹಾಕಿದ ಕಡೆ ಉಸಿರು ಬಂದದ್ದು ಎಲ್ಲಿಂದ?

ಪರೀಕ್ಷಿಸಿಯೇ ಬಿಡೋಣವೆಂದು ಒಂದೇ ಮರದ ಮಿಡಿಯನ್ನು ಎರಡು ಪುಟ್ಟ ಜಾಡಿಗಳಿಗೆ ತುಂಬಿದೆ. ಒಂದಕ್ಕೆ ನಿತ್ಯ ಹೊಗಳಿಕೆ, ಇನ್ನೊಂದಕ್ಕೆ ಬೈಗುಳ. ನನ್ನ ಬೈಗುಳದ ದಾಸ್ತಾನು ಬೇಗ ತೀರಿ, ಸಂತೆಗೆ ಹೋಗಿ ಹೊಸದು ಕಲಿತು ಬರಬೇಕಾಯಿತು! ಕೊನೆಗೆ ಮುಚ್ಚಳ ತೆಗೆದರೆ, ಹೊಗಳಿಸಿಕೊಂಡದ್ದು ಬೂಷ್ಟು ಹಿಡಿದಿತ್ತು, ಬೈಸಿಕೊಂಡದ್ದು ಕರುಕುರು ಎನ್ನುತ್ತಿತ್ತು. ಗೆದ್ದೆನೆಂದು ಕುಣಿದೆ. ಅತ್ತೆ ಒಂದು ಮಿಡಿ ಕಚ್ಚಿ, ನಿಧಾನವಾಗಿ ಅಗಿದು ಹೇಳಿದಳು:

"ಇಷ್ಟ್ ಬೈಸ್ಕಂಡೂ ಕೆಡ್ನಿಲ್ಲ ಅಂದ್ರೆ ಇದೂ ನನ್ನಂಗೇ ಈ ಮನೆ ಸೊಸೆ ಕಣಮ್ಮಿ!"

ಅವಳ ಶುಂಠಿ-ಬೆಲ್ಲದ ಪಾನಕದ್ದು ಇನ್ನೊಂದು ಕಥೆ. ಸೀಸೆಗೆ ತುಂಬಿ, ಬಿರಡೆ ಜಡಿದು, ಹುರಿ ಬಿಗಿದು ಹುಳಿ ಬರಿಸುತ್ತಿದ್ದಳು. ಅದು ಪಾನನಿರೋಧದ ಕಾಲ. ಯಾರೋ ಚಾಡಿ ಹೇಳಿ, ಪೇದೆಯೊಬ್ಬ ನುಗ್ಗಿ ಬಂದ.

"ಏನಮ್ಮಾ, ಕಳ್ಳಭಟ್ಟಿ ಕಾಯಿಸ್ತೀಯಾ?" ಎಂದು ಅವನು ಗರ್ಜಿಸುವುದಕ್ಕೂ ಸೀಸೆಯೊಂದು ಢಂ ಎಂದು ಬಿರಡೆ ಹಾರಿಸಿ ಅವನ ಟೋಪಿ ಬೀಳಿಸುವುದಕ್ಕೂ ಸರಿಹೋಯಿತು!

"ನೋಡಿದ್ರಾ ಸಾ? ಜೋರಾಗ್ ಮಾತಾಡುದ್ರೆ ಇಂಗೇಯ!" ಎಂದಳು ಅತ್ತೆ.

ಅವನು ಒಂದು ಲೋಟ ಕುಡಿದ. ತುಟಿ ಒರೆಸಿಕೊಂಡ. ಆಮೇಲೆ ಸೀಸೆಗಳತ್ತ ಭಯಭಕ್ತಿಯಿಂದ ನೋಡುತ್ತ ಪಿಸುಗುಟ್ಟಿದ: "ಸಾರಾಯಿ ಅಲ್ಲ ಅಂತ ಖಾತ್ರಿ ಆಗ್ಬೇಕಾದ್ರೆ ಇನ್ನೊಂದ್ ಲೋಟ ಬೇಕು ಕಣಮ್ಮಾ."

ಫಲಿತಾಂಶ ಬಂತು. ನಾನು ಪಾಸು. ನನ್ನನ್ನು ಕರೆದೊಯ್ಯಲು ಅಪ್ಪ ಬಂದ. ನಾನು ವಾದಗಳನ್ನೆಲ್ಲ ಬಾಯಿಪಾಠ ಮಾಡಿ ನಿಂತಿದ್ದೆ. ಅಪ್ಪ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅತ್ತೆ ಎಲ್ಲಕ್ಕಿಂತ ದೊಡ್ಡ ಜಾಡಿಯನ್ನು ಏದುಸಿರು ಬಿಡುತ್ತ ಹೊತ್ತುತಂದು ನಡುಮನೆಯಲ್ಲಿ, ಸರಿಯಾಗಿ ನಮ್ಮಿಬ್ಬರ ಮಧ್ಯೆ ಇಟ್ಟಳು.

"ಒಳಗೆ ಸೆಕೆ ಕಣ್ಲಾ. ಇಲ್ಲೇ ಇರ್ಲಿ. ಮೆಲ್ಲಕೆ ಮಾತಾಡಿ, ಮಿಡಿ ಈಗ ತಾನೇ ಹುಳಿ ಹಿಡೀತಾ ಅದೆ."

ಅಕ್ಕನ ಮಿಡಿಯೆಂದರೆ ಅಪ್ಪನಿಗೆ ಪ್ರಾಣ. ದನಿ ತಂತಾನೇ ಇಳಿಯಿತು. "ಆಗಾಕಿಲ್ಲ" ಎಂಬುದನ್ನು ಕೂಗಿದರೆ ತೀರ್ಪು; ಪಿಸುಗುಟ್ಟಿದರೆ ಅದಕ್ಕೆ ಬಲವೇ ಇಲ್ಲ! ಅಪ್ಪ ಎರಡು ಸಲ ಪಿಸುಗುಟ್ಟಿ ನೋಡಿದ. ಆಮೇಲೆ ಜಾಡಿಯನ್ನೇ ನೋಡುತ್ತ ಅಕ್ಕನಿಗೆ ಹೇಳಿದ:

"ಓದ್ಕಂಡ್ ಬಂದ್ಮ್ಯಾಕೆ ನನ್ನ ದಡ್ಡ ಅಂದ್ಕಂಬುಡ್ತಾಳೆ ಕಣಕ್ಕಾ. ಆಮ್ಯಾಕೆ ನನ್ ಜೊತೆ ಜಗಳಾನೂ ಆಡಾಕಿಲ್ಲ."



"ಆಡ್ತೀನಪ್ಪಾ," ಎಂದೆ, ನಾನೂ ಪಿಸುದನಿಯಲ್ಲೇ. "ರಜಾ ಸಿಕ್ಕಿದಾಗಲೆಲ್ಲ ಬಂದು ಆಡ್ತೀನಿ."

ಅಪ್ಪ ಮೂಗು ಒರೆಸಿಕೊಂಡು ಎದ್ದ. "ಆಸನದ್ ಬಸ್ಸು ಎಷ್ಟೊತ್ತಿಗದೆ, ವಿಚಾರಿಸ್ಕಂಡ್ ಬತ್ತೀನಿ" ಎಂದು ಹೊಸಿಲು ದಾಟಿದ.

ಜಾಡಿಯನ್ನು ಒಳಗಿಡಲು ಮೈಯ ಬಲವನ್ನೆಲ್ಲ ಕೂಡಿಸಿ ಎತ್ತಿದೆ. ಅದು ಹೂವಿನಂತೆ ಮೇಲೆದ್ದು ಬಂತು! ಮುಚ್ಚಳ ಸರಿಸಿದರೆ ಉಪ್ಪಿಲ್ಲ, ನೀರಿಲ್ಲ, ಮಿಡಿಯಿಲ್ಲ.

"ಅತ್ತೆ! ಇದು ಖಾ..." ಎಂದು ಬಾಯಿ ತೆರೆದೆ. ಅಪ್ಪ ಇನ್ನೂ ಜಗಲಿಯಲ್ಲೇ ಚಪ್ಪಲಿ ಮೆಟ್ಟುತ್ತಿದ್ದ. ಅತ್ತೆ ತುಟಿಯ ಮೇಲೆ ಬೆರಳಿಟ್ಟಳು.

ಮುಚ್ಚಳ ಮುಚ್ಚಿದೆ. ಸೊಂಟ ಬಗ್ಗಿಸಿ, ಹೆಜ್ಜೆ ಭಾರ ಮಾಡಿಕೊಂಡು, ಜಗಲಿಗೆ ಕೇಳಿಸುವಷ್ಟು ಏದುಸಿರು ಬಿಡುತ್ತ ಆ ಖಾಲಿ ಜಾಡಿಯನ್ನು ಒಳಗೆ ಹೊತ್ತೊಯ್ದೆ.